ಪಂಪ್‌ಸೆಟ್ಟಿಗೆ ಕರೆಂಟು ಫ್ರೀ, ಉಸಿರಾಡೋ ಮಿಷಿನ್ನಿಗೆ ತೆರಿಗೆ

ಮೆಕ್ಕೆಜೋಳದ ರಾಶಿ ನಮ್ಮ ಕಡೆ ಹೆಚ್ಚುಕಮ್ಮಿ ಮುಗಿದಿದೆ. ಮಿಷಿನ್ ನಿಂತ ಕಡೆ ಎಲ್ಲಾ ರವದಿ, ದೂಳು. ಈ ಒಂದೂವರೆ ತಿಂಗಳು ಯಾವ ಡಾಕ್ಟರ ಹತ್ರ ಹೋಗಿ ಕೂತರೂ ಕೆಮ್ಮು, ದಮ್ಮು ಅಂತ ಬಂದವರೇ ಜಾಸ್ತಿ. ಹೋದ ಸಲ ಗೊಬ್ಬರದ ಬಗ್ಗೆ ಬರೆದಿದ್ದೆ, ಈ ಸಲ ಹಿಂಗಾರಿ ಕಡಲೆ ಬಗ್ಗೆ ಬರೀಬೇಕು ಅಂತಿದ್ದೆ. ಆದ್ರೆ ಫೆಬ್ರವರಿ 1ಕ್ಕೆ ಕೇಂದ್ರದ ಬಜೆಟ್, ಅದಾದ ಮೇಲೆ ರಾಜ್ಯದ ಬಜೆಟ್. ಅಷ್ಟರೊಳಗೆ ಒಂದು ವಿಷಯ ನಮ್ಮ ರೈತರ ಬಾಯಲ್ಲಿ ಬರಬೇಕು ಅನ್ನಿಸ್ತು. ಹಂಗಾಗಿ ಕಡಲೆ ಮುಂದಿನ ವಾರ.

ವಿಷಯ ಇಷ್ಟು. ಮನೇಲಿ ವರ್ಷಗಟ್ಟಲೆ ದಮ್ಮಿನ ಕಾಯಿಲೆ ಇರೋರನ್ನ ಇಟ್ಕೊಂಡು ನೋಡಿಕೊಳ್ಳೋ ಕುಟುಂಬಕ್ಕೆ ತೆರಿಗೆಯಲ್ಲಿ ಏನಾದ್ರೂ ರಿಯಾಯಿತಿ ಬೇಕು ಅನ್ನೋ ಮಾತು ಆಗಾಗ ಕೇಳಿಬರ್ತದೆ. ನಾನೂ ಬೇಕು ಅಂತೀನಿ. ಆದ್ರೆ ಆ ಮಾತು ಆಡೋರು ಆದಾಯ ತೆರಿಗೆ ಒಂದನ್ನೇ ತಲೇಲಿ ಇಟ್ಕೊಂಡು ಆಡ್ತಾರೆ. ಅದರಿಂದ ರೈತನ ಮನೆಗೆ ಒಂದು ರೂಪಾಯಿನೂ ಬರಲ್ಲ. ನಾವು ಕೇಳಬೇಕಾದ್ದು ನಾವು ನಿಜವಾಗಿ ಕಟ್ಟೋ ತೆರಿಗೆಯಲ್ಲಿ. ಅದರಲ್ಲೂ ಮೊದಲು ಕೇಳಬೇಕಾದ್ದು ಮನೆ ಗೋಡೆ ಮೇಲಿರೋ ಕರೆಂಟ್ ಮೀಟರಿನಲ್ಲಿ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

*

ಮೊದಲು, ಇದು ನಮ್ಮ ಕಾಯಿಲೆನಾ ಅನ್ನೋದು.

ದಮ್ಮು ಅಂದ ತಕ್ಷಣ "ಬೀಡಿ ಸೇದಿದ್ದಾನೆ, ಅನುಭವಿಸ್ಲಿ" ಅನ್ನೋರು ಇದ್ದಾರೆ. ಬೀಡಿಯಿಂದ ಬರೋದು ನಿಜವೇ. ಆದ್ರೆ ಒಂದು ದಿನಕ್ಕೂ ಬೀಡಿ ಮುಟ್ಟದ ನಮ್ಮ ಅವ್ವಂದಿರಿಗೆ, ಅಜ್ಜಿಯರಿಗೆ ಯಾಕೆ ಬರ್ತದೆ? ಮೂವತ್ತು ನಲವತ್ತು ವರ್ಷ ಸೌದೆ, ಕುಳ್ಳು, ಹತ್ತಿಕಟ್ಟಿಗೆ ಉರಿಸಿ ಅಡಿಗೆ ಮಾಡಿದ ಹೊಗೆ ಅದು. ಡಾಕ್ಟರುಗಳು ಸಿಒಪಿಡಿ ಅಂತಾರಲ್ಲ, ಅದು ಸೇದದೇ ಇರೋರಿಗೂ ಬರೋದಕ್ಕೆ ನಮ್ಮ ದೇಶದಲ್ಲಿ ಒಲೆ ಹೊಗೆ ದೊಡ್ಡ ಕಾರಣ. ಸರ್ಕಾರಕ್ಕೂ ಇದು ಗೊತ್ತು. ಉಜ್ವಲ ಗ್ಯಾಸು 2016ರಲ್ಲಿ ಬಂದಾಗ ಹೆಂಗಸರ ಶ್ವಾಸಕೋಶ ಕೆಡಬಾರದು ಅಂತಲೇ ಹೇಳಿ ಕೊಟ್ಟರು. ಒಳ್ಳೇದು. ಆದ್ರೆ 2016ಕ್ಕೆ ಮುಂಚೆ ಹೊಗೆ ಕುಡಿದೋರ ಶ್ವಾಸಕೋಶ ಗ್ಯಾಸು ಬಂದ ಮೇಲೆ ರಿಪೇರಿ ಆಗಲ್ಲ. ಅವರಿಗೆ ಈಗ ಅರವತ್ತು, ಎಪ್ಪತ್ತು. ಸಿಲಿಂಡರ್ ಅಡಿಗೆಮನೆಯಲ್ಲಿದೆ, ಅವರು ಪಡಸಾಲೆಯಲ್ಲಿ ಮಂಚ ಹಿಡಿದು ಕೂತು ಉಸಿರು ಎಳೀತಿದ್ದಾರೆ.

ಇನ್ನು ದೂಳು. ರಾಶಿ ಮಾಡೋ ದೂಳು, ಹತ್ತಿ ಜಿನ್ನಿಂಗ್ ದೂಳು, ಅಕ್ಕಿ ಗಿರಣಿ ದೂಳು, ಬ್ಯಾಡಗಿ ಕಡೆ ಮೆಣಸಿನಕಾಯಿ ಘಾಟು, ಕ್ರಷರಿನಲ್ಲಿ ಕಲ್ಲಿನ ಪುಡಿ. ಬೂಷ್ಟು ಹಿಡಿದ ಹುಲ್ಲು, ಕಾಳಿನ ದೂಳು ಮತ್ತೆ ಮತ್ತೆ ಎಳಕೊಂಡು ಬರೋ ಶ್ವಾಸಕೋಶದ ಒಂದು ಕಾಯಿಲೆಗೆ ಡಾಕ್ಟರುಗಳ ಪುಸ್ತಕದಲ್ಲಿ ಹೆಸರೇ "ಫಾರ್ಮರ್ಸ್ ಲಂಗ್", ಅಂದ್ರೆ ರೈತನ ಶ್ವಾಸಕೋಶ. ಕಾಯಿಲೆಗೆ ನಮ್ಮ ಹೆಸರು ಇಟ್ಟಿದ್ದಾರೆ. ತೆರಿಗೆಯವರ ಪುಸ್ತಕದಲ್ಲಿ ಮಾತ್ರ ನಮ್ಮ ಹೆಸರೂ ಇಲ್ಲ, ಕಾಯಿಲೆ ಹೆಸರೂ ಇಲ್ಲ.

*

ಈಗ ಆದಾಯ ತೆರಿಗೆ ಲೆಕ್ಕ. ಬೆಂಗಳೂರಲ್ಲಿ ಮಗನೋ ಮಗಳೋ ಕೆಲಸದಲ್ಲಿ ಇದ್ದರೆ ಇದನ್ನ ಓದಿ ಹೇಳಿ.

ಕಾಯಿಲೆ ಇರೋರನ್ನ ಸಾಕೋರಿಗೆ ಅಂತ ಮೂರು ಕಲಂ ಇವೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರ್ತದೆ, ನಂಬರುಗಳು ಬದಲಾಗ್ತವೆ. ಸದ್ಯಕ್ಕೆ ಎಲ್ಲರಿಗೂ ಗೊತ್ತಿರೋ ಹಳೇ ನಂಬರಲ್ಲೇ ಹೇಳ್ತೀನಿ.

80ಡಿಡಿ: ಅಂಗವಿಕಲರಾದ ಅವಲಂಬಿತರನ್ನ ನೋಡಿಕೊಳ್ಳೋರಿಗೆ. 75,000 ರೂಪಾಯಿ, ತೀವ್ರ ವೈಕಲ್ಯ ಇದ್ದರೆ 1,25,000 ರೂಪಾಯಿ ಆದಾಯದಿಂದ ಕಳೀಬಹುದು.

80ಡಿಡಿಬಿ: ಕೆಲವು ದೊಡ್ಡ ಕಾಯಿಲೆಗಳ ಚಿಕಿತ್ಸೆ ಖರ್ಚಿಗೆ. 40,000ದವರೆಗೆ, ರೋಗಿಗೆ ಅರವತ್ತು ದಾಟಿದ್ದರೆ 1 ಲಕ್ಷದವರೆಗೆ.

80ಡಿ: ಆರೋಗ್ಯ ವಿಮೆ ಪ್ರೀಮಿಯಂಗೆ. ಅಪ್ಪ ಅಮ್ಮನಿಗೆ ಅರವತ್ತು ದಾಟಿ ವಿಮೆ ಇಲ್ಲದಿದ್ದರೆ ಅವರ ಔಷಧಿ ಖರ್ಚನ್ನೇ 50,000ದವರೆಗೆ ತೋರಿಸಬಹುದು.

ದಮ್ಮಿನವರ ಮಟ್ಟಿಗೆ ಮೊದಲ ಎರಡು ಬಾಗಿಲು ಮುಚ್ಚಿವೆ. 80ಡಿಡಿಬಿಗೆ ಕಾಯಿಲೆಗಳ ಒಂದು ಪಟ್ಟಿ ಇದೆ, ನಿಯಮ 11ಡಿಡಿ ಅಂತ. ಅದರಲ್ಲಿ ಕ್ಯಾನ್ಸರ್ ಇದೆ, ಏಡ್ಸ್ ಇದೆ, ಕಿಡ್ನಿ ವೈಫಲ್ಯ ಇದೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಇದೆ, ಪಾರ್ಕಿನ್ಸನ್ ಮರೆವು ಇಂಥ ನರದ ಕಾಯಿಲೆಗಳು ಇವೆ. ಅವೆಲ್ಲಾ ಇರಬೇಕಾದವೇ, ಒಂದನ್ನೂ ತೆಗೀಬೇಕು ಅಂತ ನಾನು ಹೇಳ್ತಿಲ್ಲ. ಆದ್ರೆ ಕಿಡ್ನಿ ಕೈಕೊಟ್ಟರೆ ಪಟ್ಟಿಯಲ್ಲಿದೆ, ಶ್ವಾಸಕೋಶ ಕೈಕೊಟ್ಟರೆ ಇಲ್ಲ. ದಿನಕ್ಕೆ ಹದಿನಾರು ಗಂಟೆ ಮೂಗಿಗೆ ನಳಿಗೆ ಹಾಕ್ಕೊಂಡು ಬದುಕೋ ಮನುಷ್ಯ ಈ ಪಟ್ಟಿ ಪ್ರಕಾರ ದೊಡ್ಡ ಕಾಯಿಲೆಯವನಲ್ಲ.

ಅಂಗವಿಕಲತೆ ಕಡೆಗೂ ಅದೇ ಕತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಸೇರಿಸಿದ್ದಾರೆ. ರಕ್ತದ ಕಾಯಿಲೆಗಳು ಬಂದವು, ಪಾರ್ಕಿನ್ಸನ್ ಬಂತು, ಆಸಿಡ್ ದಾಳಿಗೆ ತುತ್ತಾದವರು ಬಂದರು. ಶ್ವಾಸಕೋಶದ ವೈಫಲ್ಯ ಬರಲಿಲ್ಲ. ಹತ್ತು ಹೆಜ್ಜೆ ನಡೆದು ಬಚ್ಚಲಿಗೆ ಹೋಗೋಕೆ ಆಗದೋರಿಗೆ ಯುಡಿಐಡಿ ಕಾರ್ಡ್ ಸಿಗಲ್ಲ, ಯಾಕಂದ್ರೆ ಕೈಕಾಲು ಸರಿಯಾಗೇ ಇದಾವೆ. ಕಾರ್ಡ್ ಇಲ್ಲ ಅಂದ್ಮೇಲೆ 80ಡಿಡಿನೂ ಇಲ್ಲ, ಮಾಸಾಶನನೂ ಇಲ್ಲ, ಬಸ್ ಪಾಸೂ ಇಲ್ಲ.

ಇನ್ನೊಂದು ಕಡೆ ಇದೇ ಕೇಂದ್ರ ಸರ್ಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಸಿಒಪಿಡಿ ಸೇರಿದೆ. ಸಾಲ್ಬುಟಮಾಲ್, ಬ್ಯುಡೆಸೊನೈಡ್, ಟಿಯೋಟ್ರೋಪಿಯಂ ಇನ್ಹೇಲರುಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಅಂದ್ರೆ ಆರೋಗ್ಯ ಇಲಾಖೆಗೆ ಇದು ದೊಡ್ಡ ಕಾಯಿಲೆ, ತೆರಿಗೆ ಇಲಾಖೆಗೆ ಅಲ್ಲ.

ಉಳಿದದ್ದು 80ಡಿ ಒಂದೇ. ಅದು ದಮ್ಮಿನವರ ಮನೆಗೂ ತೆರೆದಿದೆ. ಆದ್ರೆ ಈ ಮೂರೂ ಕಲಂ ಸಿಗೋದು ಹಳೇ ತೆರಿಗೆ ಪದ್ಧತಿ ಆರಿಸಿಕೊಂಡೋರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿನೇ ತಾನಾಗಿ ಬರೋದು. ಹೊಸದರಲ್ಲಿ ಈಗ 12 ಲಕ್ಷದವರೆಗೆ ಆದಾಯಕ್ಕೆ ತೆರಿಗೆನೇ ಬೀಳಲ್ಲ. ಹಂಗಾಗಿ ನಮ್ಮ ಊರಿಂದ ಹೋಗಿ ಮೂವತ್ತು ನಲವತ್ತು ಸಾವಿರ ಸಂಬಳಕ್ಕೆ ದುಡಿಯೋ ಹುಡುಗರಿಗೆ ಕಳೆಯೋಕೆ ತೆರಿಗೆನೇ ಇಲ್ಲ. ನಾಳೆ ಸಿಒಪಿಡಿಯನ್ನ ಪಟ್ಟಿಗೆ ಸೇರಿಸಿದರೂ ಲಾಭ ಯಾರಿಗೆ ನೋಡಿ: ಹಳೇ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರೋ ಮನುಷ್ಯನಿಗೆ 1 ಲಕ್ಷ ಕಳೆದರೆ 31,200 ರೂಪಾಯಿ ಉಳೀತದೆ. ಕೃಷಿ ಆದಾಯದ ಮನೆಗೆ ಸೊನ್ನೆ. ಕಾಯಿಲೆ ಒಂದೇ, ಮಿಷಿನ್ ಒಂದೇ, ಖರ್ಚೂ ಒಂದೇ.

ಪಟ್ಟಿಗೆ ಸೇರಿಸಬಾರದು ಅಂತ ಅಲ್ಲ. ಸೇರಿಸಲೇಬೇಕು. ಪಟ್ಟಿಯಲ್ಲಿ ಹೆಸರು ಬಂದರೆ ಮುಂದೆ ಬೇರೆ ಬಾಗಿಲೂ ತೆರೀಬಹುದು. ಆದ್ರೆ "ತೆರಿಗೆ ರಿಯಾಯಿತಿ ಕೊಟ್ವಿ" ಅಂತ ಅದೊಂದನ್ನೇ ಕೊಟ್ಟು ಕೈ ತೊಳಕೊಂಡರೆ ಒಪ್ಪಬಾರದು ಅಂತ ಹೇಳ್ತಿದೀನಿ.

*

"ರೈತರು ತೆರಿಗೆನೇ ಕಟ್ಟಲ್ಲ, ಇವರಿಗೆಂಥ ರಿಯಾಯಿತಿ" ಅನ್ನೋ ಮಾತು ಪೇಟೆಯಲ್ಲಿ ಕೇಳಿರ್ತೀರಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದ್ರೆ ಮೆಡಿಕಲ್ ಸ್ಟೋರಿನಲ್ಲಿ ಜಿಎಸ್‌ಟಿ ಕಟ್ಟೋವಾಗ ಪಹಣಿ ತೋರಿಸಿದರೆ ಬಿಡ್ತಾರಾ? ಪಂಪು ಅಂತ ನಾವು ಕರೆಯೋ ಇನ್ಹೇಲರ್, ನೆಬ್ಯುಲೈಸರ್, ಅದಕ್ಕೆ ಹಾಕೋ ರೆಸ್ಪ್ಯೂಲ್, ಆಕ್ಸಿಜನ್ ಮಿಷಿನ್, ಬೈಪ್ಯಾಪ್, ನಳಿಗೆ, ಮಾಸ್ಕು ಎಲ್ಲದರ ಮೇಲೂ ತೆರಿಗೆ ಇದೆ, ಎಲ್ಲಾ ನಾವೇ ಕಟ್ತೀವಿ.

ಇಲ್ಲಿ ಒಂದು ಒಳ್ಳೇ ಸುದ್ದಿನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿಗೆ, ಡ್ರಿಪ್ಪಿಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು ಅನ್ನೋದು ಎಲ್ಲರ ಬಾಯಲ್ಲೂ ಇತ್ತು. ಅದೇ ದಿನ ಔಷಧಿಗಳು, ಮೆಡಿಕಲ್ ಆಕ್ಸಿಜನ್, ಬಹುತೇಕ ವೈದ್ಯಕೀಯ ಉಪಕರಣಗಳಿಗೂ ಶೇ 5 ಆಯ್ತು. ಮನೆಯವರು ತಗೊಳ್ಳೋ ಆರೋಗ್ಯ ವಿಮೆ ಮೇಲಿದ್ದ ಶೇ 18 ಪೂರ್ತಿ ಹೋಯ್ತು. ಇದು ದಮ್ಮಿನ ಮನೆಗಳಿಗೆ ನಿಜವಾಗಿ ಮುಟ್ಟಿದ ರಿಯಾಯಿತಿ, ಯಾಕಂದ್ರೆ ಅದು ಆದಾಯ ಕೇಳಲಿಲ್ಲ, ಕಾರ್ಡ್ ಕೇಳಲಿಲ್ಲ.

ಹಾಗಾದ್ರೆ ಉಳಿದ ಶೇ 5ನ್ನೂ ತೆಗೀರಿ ಅಂತ ಕೇಳೋಣವಾ? ಕೇಳಬಹುದು. ಹಿಂದೆ ದಾರಿ ಆಗಿದೆ. ಕೊರೊನಾ ಎರಡನೇ ಅಲೆಯಲ್ಲಿ, 2021ರ ಜೂನ್ 12ರ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಆಕ್ಸಿಜನ್ ಮಿಷಿನ್, ಬೈಪ್ಯಾಪ್ ಇವುಗಳ ತೆರಿಗೆಯನ್ನ 12ರಿಂದ 5ಕ್ಕೆ ಇಳಿಸಿದರು, ಸೆಪ್ಟೆಂಬರ್ 30ರವರೆಗೆ ಮಾತ್ರ. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ, ವಿದೇಶದಿಂದ ಸ್ವಂತ ಬಳಕೆಗೆ ಉಡುಗೊರೆಯಾಗಿ ಬಂದ ಆಕ್ಸಿಜನ್ ಮಿಷಿನ್ ಮೇಲೆ ತೆರಿಗೆ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂತ ದೆಹಲಿ ಹೈಕೋರ್ಟ್ ಹೇಳಿತ್ತು. ಹೋಗಿದ್ದು ಎಂಬತ್ತೈದು ವರ್ಷದ ಹಿರಿಯರೊಬ್ಬರು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿ ಜೂನ್ 1ಕ್ಕೆ ತಡೆ ತಂತು. ಪೇಟೆಯವರಿಗೆಲ್ಲಾ ಉಸಿರು ಕಟ್ಟಿದ ಆ ನಾಲ್ಕು ತಿಂಗಳು ಈ ತೆರಿಗೆ ದೊಡ್ಡ ವಿಷಯ ಆಯ್ತು. ವರ್ಷವಿಡೀ ಉಸಿರು ಕಟ್ಟೋರ ವಿಷಯ ಅಕ್ಟೋಬರಿಗೆ ಮತ್ತೆ ಮೂಲೆ ಸೇರ್ತು.

ಆದ್ರೂ ಸೊನ್ನೆ ಜಿಎಸ್‌ಟಿ ಮೇಲೆ ನಮ್ಮೆಲ್ಲಾ ಶಕ್ತಿ ಹಾಕಬಾರದು ಅಂತ ನನ್ನ ಅಭಿಪ್ರಾಯ. ಪೂರ್ತಿ ವಿನಾಯಿತಿ ಕೊಟ್ಟರೆ ತಯಾರಿಸೋರು ತಾವು ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನ ವಾಪಸ್ ಪಡೆಯೋಕಾಗಲ್ಲ, ಅದನ್ನ ಬೆಲೆಗೇ ಸೇರಿಸ್ತಾರೆ. 2021ರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಇದೇ ಕಾರಣ ಕೊಟ್ಟಿದ್ದರು, ಅದರಲ್ಲಿ ಹುರುಳಿದೆ. ಇನ್ನೊಂದು, ಲೆಕ್ಕ ಹಾಕಿ: ಮಿಷಿನ್ನಿಗೆ 50,000 ಅಂತ ಹಿಡಿದರೆ ಶೇ 5 ಅಂದ್ರೆ 2,500. ಅದು ಒಂದು ಸಲ. ತಿಂಗಳು ತಿಂಗಳು ಕುತ್ತಿಗೆ ಹಿಡಿಯೋದು ಬೇರೆ ಇದೆ.

*

ಅದು ಮೀಟರ್.

ಐದು ಲೀಟರಿನ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಸುಮಾರು 300ರಿಂದ 350 ವ್ಯಾಟ್ ಎಳೀತದೆ. ಮನೇಲಿ ಆಕ್ಸಿಜನ್ ಬರಕೊಟ್ಟರೆ ಡಾಕ್ಟರುಗಳು ಹೇಳೋದು ದಿನಕ್ಕೆ ಕನಿಷ್ಠ 15 ಗಂಟೆ, ಅದಕ್ಕಿಂತ ಕಡಿಮೆ ಆದರೆ ಉಪಯೋಗ ಇಲ್ಲ ಅಂತ. ನಮ್ಮ ಮನೇಲೂ ಅವ್ವನಿಗೆ ಎರಡು ವರ್ಷದಿಂದ ಈ ಮಿಷಿನ್ ಇದೆ, ಹಂಗಾಗಿ ಲೆಕ್ಕ ಬಾಯಿಪಾಠ. 330 ವ್ಯಾಟ್, 16 ಗಂಟೆ: ದಿನಕ್ಕೆ ಐದೂಕಾಲು ಯೂನಿಟ್. ತಿಂಗಳಿಗೆ 158.

ಈಗ ಗೃಹಜ್ಯೋತಿ ನೋಡಿ. 200 ಯೂನಿಟ್ ಫ್ರೀ ಅಂತ ನಾವು ಹೇಳ್ತೀವಿ, ಆದ್ರೆ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಶೇ 10, ಕಡಿಮೆ ಸುಡೋರಿಗೆ 2024ರಿಂದ 10 ಯೂನಿಟ್ ಜಾಸ್ತಿ. ಅಷ್ಟೇ ನಿಮ್ಮ ಅರ್ಹತೆ. ಅದರ ಮೇಲೆ ಸುಟ್ಟಿದ್ದಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ.

ಆಗ 42 ಯೂನಿಟ್ ಸುಡ್ತಿದ್ದ ಒಂದು ಮನೆ ತಗೊಳ್ಳಿ. ಎರಡು ಬಲ್ಬು, ಫ್ಯಾನು, ಟಿವಿ, ಮಿಕ್ಸಿ. ಅರ್ಹತೆ 52. ಮಿಷಿನ್ ಬಂದ ಮೇಲೆ 42ಕ್ಕೆ 158 ಸೇರಿ 200. ಬೇಸಿಗೆಯಲ್ಲಿ ಫ್ಯಾನು ಸ್ವಲ್ಪ ಜಾಸ್ತಿ ತಿರುಗಿತು, 203 ಆಯ್ತು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೆ 1,218 ರೂಪಾಯಿ, ಅದರ ಮೇಲೆ ವಿದ್ಯುತ್ ತೆರಿಗೆ ಶೇ 9 ಅಂದ್ರೆ ಸುಮಾರು 110, ನಿಗದಿತ ಶುಲ್ಕ ಬೇರೆ. ಅದೇ 195ಕ್ಕೆ ನಿಂತಿದ್ದರೆ 143 ಯೂನಿಟ್ಟಿಗೆ 858 ರೂಪಾಯಿ. ಎಂಟು ಯೂನಿಟ್ ಹೆಚ್ಚಿಗೆ ಸುಟ್ಟಿದ್ದಕ್ಕೆ 360 ರೂಪಾಯಿ ವ್ಯತ್ಯಾಸ. ಹಂಗಾಗಿ ಏನಾಗ್ತದೆ ಅಂದ್ರೆ, ತಿಂಗಳ ಕೊನೇ ವಾರ ಮನೆಯವರು ಮೀಟರ್ ನೋಡಿ ಮಿಷಿನ್ ಆರಿಸ್ತಾರೆ. "ಈಗ ಆರಾಮ ಅದೀನಿ, ಬಂದ್ ಮಾಡು" ಅಂತ ಮುದುಕರು ತಾವೇ ಹೇಳ್ತಾರೆ. ಬಿಲ್ಲು ಉಳಿಸೋಕೆ ಉಸಿರು ಕಡಿಮೆ ಮಾಡಿಕೊಳ್ಳೋ ಲೆಕ್ಕ ಇದು. ಬೆರಳಿಗೆ ಹಾಕೋ ಆಕ್ಸಿಮೀಟರ್ 90ರಿಂದ 84ಕ್ಕೆ ಇಳಿದಿದ್ದು ಬಿಲ್ಲಿನಲ್ಲಿ ಕಾಣಲ್ಲ.

ಇಪ್ಪತ್ನಾಲ್ಕು ಗಂಟೆ ಬೇಕಾದೋರ ಮನೆ ಕೇಳಲೇ ಬೇಡಿ. ಮಿಷಿನ್ ಒಂದಕ್ಕೇ 240 ಯೂನಿಟ್ ಆಗಿ 200 ದಾಟ್ತದೆ. ಆ ಮನೆಗೆ ಗೃಹಜ್ಯೋತಿ ಇದ್ದೂ ಇಲ್ಲ.

ಅದೇ ಗೋಡೆ ಆಚೆ ಹೋದರೆ ನಮ್ಮ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪೂರ್ತಿ ಫ್ರೀ. ಅದು ಬೇಡ ಅಂತ ಯಾವ ರೈತನೂ ಹೇಳಲ್ಲ, ನಾನೂ ಹೇಳಲ್ಲ. 5 ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಸುಡೋ ಕರೆಂಟಿನಲ್ಲಿ ಈ ಮಿಷಿನ್ ಹತ್ತು ಗಂಟೆಗೂ ಮೇಲೆ ಓಡ್ತದೆ. ಅಡಿಕೆ ಗಿಡ ಒಣಗಬಾರದು ಅಂತ ಒಪ್ಪಿಕೊಂಡಿರೋ ಸರ್ಕಾರಕ್ಕೆ, ಅದನ್ನ ನೆಟ್ಟವರ ಉಸಿರು ನಿಲ್ಲಬಾರದು ಅಂತ ಒಪ್ಪಿಕೊಳ್ಳೋದು ಕಷ್ಟ ಆಗಬಾರದು.

ಇದು ಎಲ್ಲೂ ಇಲ್ಲದ ಹೊಸ ಬೇಡಿಕೆ ಅಲ್ಲ. ಕೆನಡಾ ದೇಶದ ಆದಾಯ ತೆರಿಗೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರಿನ ಬೆಲೆ ಒಂದೇ ಅಲ್ಲ, ಅದು ಓಡೋಕೆ ಸುಟ್ಟ ಕರೆಂಟಿನ ದುಡ್ಡನ್ನೂ ವೈದ್ಯಕೀಯ ಖರ್ಚು ಅಂತ ತೋರಿಸಬಹುದು. ತೀವ್ರ ಉಸಿರಾಟದ ಕಾಯಿಲೆ ಇರೋರ ಮನೆಗೆ ಹಾಕಿಸಿದ ಗಾಳಿ ಶುದ್ಧ ಮಾಡೋ ಯಂತ್ರಕ್ಕೂ ಅಲ್ಲಿ ಲೆಕ್ಕ ಇದೆ. ನಮ್ಮಲ್ಲಿ ಆದಾಯ ತೆರಿಗೆ ದಾರಿ ರೈತನ ಮನೆಗೆ ಬರಲ್ಲ ಅಂತ ಮೇಲೆ ಹೇಳಿದೆ. ಆದ್ರೆ ಮಿಷಿನ್ ಅಂದ್ರೆ ಕರೆಂಟೂ ಸೇರಿ ಔಷಧಿನೇ ಅನ್ನೋ ಮಾತು ಇಲ್ಲಿಗೂ ಸಲ್ಲುತ್ತೆ.

*

ಇನ್ನು ನೋಡಿಕೊಳ್ಳೋರ ವಿಷಯ. ಇದನ್ನ ಯಾರೂ ಬರೆಯಲ್ಲ.

ದಮ್ಮಿನವರನ್ನ ಒಂಟಿ ಬಿಟ್ಟು ಹೊಲಕ್ಕೆ ಹೋಗೋಕಾಗಲ್ಲ. ಯಾವಾಗ ಉಸಿರು ಕಟ್ತದೋ ಗೊತ್ತಿಲ್ಲ, ಕರೆಂಟು ಹೋದರೆ ಸಿಲಿಂಡರ್ ತಿರುವಿ ನಳಿಗೆ ಬದಲಿಸೋಕೆ ಒಬ್ಬರು ಬೇಕು. ಆ ಒಬ್ಬರು ಯಾರು? ಸೊಸೆ, ಹೆಂಡತಿ, ಇಲ್ಲಾ ಕಾಲೇಜು ಬಿಟ್ಟ ಮಗಳು. ಕಳೆ ಕೀಳೋ ಕಾಲ, ಹತ್ತಿ ಬಿಡಿಸೋ ಕಾಲದಲ್ಲಿ ಒಂದು ಆಳಿನ ಕೂಲಿ ಹೋಯ್ತು, ಅದರ ಮೇಲೆ ಹೊರಗಿಂದ ಒಂದು ಆಳು ಕರೀಬೇಕು. ಆಸ್ಪತ್ರೆ ಬಿಲ್ಲಿಗೆ ರಸೀದಿ ಇರ್ತದೆ, ಇದಕ್ಕೆ ಯಾವ ರಸೀದಿ?

ತೋಟದ ಮನೆಯವರ ಪಾಡು ಇನ್ನೂ ಬೇರೆ. ನಿರಂತರ ಜ್ಯೋತಿಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದರು. ಊರೊಳಗೆ ಇರೋರಿಗೆ ಅನುಕೂಲ ಆಯ್ತು. ಪಂಪ್‌ಸೆಟ್ ಲೈನಿನ ಮೇಲಿರೋ ತೋಟದ ಮನೆಗಳಿಗೆ ಕರೆಂಟು ಬರೋದು ಪಂಪಿನ ಟೈಮಿಗೆ. ಅಂಥ ಮನೇಲಿ ಮಿಷಿನ್ ಇದ್ದರೆ ಯುಪಿಎಸ್, ಬ್ಯಾಟರಿ, ಎರಡು ಸಿಲಿಂಡರ್ ಇಟ್ಕೊಳ್ಳಲೇಬೇಕು. ಎಷ್ಟೋ ಮನೆಯವರು ಅವ್ವನನ್ನ ಊರೊಳಗೆ ನೆಂಟರ ಮನೇಲಿ ಬಿಟ್ಟು ತಾವು ತೋಟದಲ್ಲಿ ಇದ್ದಾರೆ.

"ಆಯುಷ್ಮಾನ್ ಇದೆಯಲ್ಲ" ಅಂತೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಖರ್ಚಿನ ಶೇ 30. ಆದ್ರೆ ಅದು ಆಸ್ಪತ್ರೆಗೆ ಸೇರಿದಾಗ. ಸೇರೋ ಪರಿಸ್ಥಿತಿ ಬರದಂಗೆ ಮನೇಲಿ ಮಾಡೋ ಖರ್ಚಿಗೆ, ತಿಂಗಳ ಇನ್ಹೇಲರಿಗೆ, ಮನೆ ಆಕ್ಸಿಜನ್ನಿಗೆ, ಕರೆಂಟಿಗೆ ಅದು ಬರಲ್ಲ. ಮಿಷಿನ್ ಆರಿಸಿದ ಮನುಷ್ಯ ಐಸಿಯು ಸೇರಿದರೆ ಸರ್ಕಾರ ದುಡ್ಡು ಕೊಡ್ತದೆ, ಮಿಷಿನ್ ಹಚ್ಚಿ ಮನೇಲಿ ಇದ್ದರೆ ತೆರಿಗೆ ತಗೊಳ್ತದೆ. ನಮ್ಮಲ್ಲಿ ಯಾರಾದ್ರೂ ಬೆಳೆಗೆ ರೋಗ ಪೂರ್ತಿ ಹಬ್ಬಲಿ, ಆಮೇಲೆ ಔಷಧಿ ಹೊಡಿಯೋಣ ಅಂತ ಕೂರ್ತಾರಾ?

*

ಎದುರು ಮಾತು ಎರಡು ಬರ್ತವೆ, ಮೊದಲೇ ಉತ್ತರ ಹೇಳಿಬಿಡ್ತೀನಿ.

ಒಂದು, "ಎಲ್ಲರೂ ಸುಳ್ಳು ಸರ್ಟಿಫಿಕೇಟ್ ತರ್ತಾರೆ." ಬೇರೆ ಯೋಜನೆಗಳಲ್ಲಿ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಇದರಲ್ಲಿ ಸುಳ್ಳು ಹೇಳೋದು ಕಷ್ಟ. ಮನೆ ಆಕ್ಸಿಜನ್ ಯಾರಿಗೆ ಅಂತ ವೈದ್ಯರ ಹತ್ರ ಅಳತೆ ಇದೆ: ಸುಮ್ಮನೆ ಕೂತಾಗ ರಕ್ತದಲ್ಲಿ ಆಕ್ಸಿಜನ್ ಪ್ರಮಾಣ 88 ಅಥವಾ ಅದಕ್ಕಿಂತ ಕಡಿಮೆ. ಒಂದು ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗ್ತದೆ. ತಾಲ್ಲೂಕು ಆಸ್ಪತ್ರೆ ವೈದ್ಯರು ವರ್ಷಕ್ಕೊಮ್ಮೆ ನೋಡಿ ಬರಕೊಟ್ಟರೆ ಸಾಕು. ಮಿಷಿನ್ ಒಳಗೇ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರ್ ಇರ್ತದೆ. ಬರ ಪರಿಹಾರಕ್ಕೆ ಬೆಳೆ ಸಮೀಕ್ಷೆ ಮಾಡೋದಕ್ಕಿಂತ ಇದು ಸುಲಭ.

ಇನ್ನೊಂದು, "ಸರ್ಕಾರದ ಹತ್ರ ದುಡ್ಡಿಲ್ಲ." ನಾನು ಎಲ್ಲಾ ದಮ್ಮಿನವರಿಗೂ ಕೇಳ್ತಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಪಂಪು ಎಳೆಯೋರಿಗೂ ಅಲ್ಲ. ಮನೇಲಿ ಆಕ್ಸಿಜನ್ ಅಥವಾ ಬೈಪ್ಯಾಪ್ ಮೇಲೆ ಇರೋರಿಗೆ. ಒಂದು ಊರಿನಲ್ಲಿ ಅಂಥ ಮನೆ ಎಷ್ಟಿರಬಹುದು? ಬೆರಳೆಣಿಕೆ. ಒಂದು ಮನೆಗೆ ತಿಂಗಳಿಗೆ 150ರಿಂದ 250 ಯೂನಿಟ್. ಅವರು ಒಂದು ಸಲ ಐಸಿಯು ಸೇರಿದರೆ ಆಗೋ ಸರ್ಕಾರದ ಖರ್ಚಿನ ಮುಂದೆ ಇದು ಏನೂ ಅಲ್ಲ.

*

ಹಂಗಾಗಿ ಕೇಳಬೇಕಾದ್ದು ಈ ಕ್ರಮದಲ್ಲಿ ಅಂತ ನನಗೆ ಅನ್ನಿಸೋದು:

1. ರಾಜ್ಯ ಸರ್ಕಾರಕ್ಕೆ: ವೈದ್ಯರು ಬರಕೊಟ್ಟ ಉಸಿರಾಟದ ಮಿಷಿನ್ ಇರೋ ಮನೆಗೆ ಆ ಮಿಷಿನ್ನಿನ ಯೂನಿಟ್ಟುಗಳನ್ನ ಗೃಹಜ್ಯೋತಿ ಅರ್ಹತೆಗೆ ಸೇರಿಸಬೇಕು, 200ರ ಗಡಿಗೆ ಅದನ್ನ ಎಣಿಸಬಾರದು, ಆ ಯೂನಿಟ್ಟಿನ ಮೇಲೆ ಶೇ 9 ತೆರಿಗೆ ಬಿಡಬೇಕು. ಇದಕ್ಕೆ ಪಾರ್ಲಿಮೆಂಟೂ ಬೇಡ, ಜಿಎಸ್‌ಟಿ ಕೌನ್ಸಿಲ್ಲೂ ಬೇಡ. ಯೋಜನೆನೂ ರಾಜ್ಯದ್ದು, ತೆರಿಗೆನೂ ರಾಜ್ಯದ್ದು. ಅದಕ್ಕೇ ಇದನ್ನ ಮೊದಲಿಗೆ ಇಟ್ಟೆ.

2. ಅಂಥ ಮನೆ ತೋಟದಲ್ಲಿದ್ದರೆ ಅದಕ್ಕೆ ಊರಿನ ಲೈನಿಂದ ಸಿಂಗಲ್ ಫೇಸ್ ಕೊಡಬೇಕು.

3. ಕೇಂದ್ರಕ್ಕೆ: ಮನೆ ಆಕ್ಸಿಜನ್ ಬೇಕಾದ ಶ್ವಾಸಕೋಶ ವೈಫಲ್ಯವನ್ನ 80ಡಿಡಿಬಿ ಪಟ್ಟಿಗೆ, ವೈಕಲ್ಯದ ಪಟ್ಟಿಗೆ ಸೇರಿಸಬೇಕು. ಎರಡನೇದು ಮುಖ್ಯ, ಯಾಕಂದ್ರೆ ಆದಾಯ ತೆರಿಗೆ ಕಟ್ಟದ ಮನೆಗೆ ಮಾಸಾಶನ ಬರೋ ದಾರಿ ಅದೊಂದೇ.

ಅಲ್ಲಿವರೆಗೆ ನಾವೇ ಮಾಡಬಹುದಾದ್ದೂ ಸ್ವಲ್ಪ ಇದೆ. ಮಗನೋ ಮಗಳೋ ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ತಿದ್ದರೆ, ಅರವತ್ತು ದಾಟಿದ ಅಪ್ಪ ಅಮ್ಮನಿಗೆ ವಿಮೆ ಇಲ್ಲದಿದ್ದರೆ, ಇನ್ಹೇಲರಿನ ಬಿಲ್ಲು ಅವರೇ ಕಟ್ಟಲಿ. ನಗದು ಕೊಟ್ಟರೆ ಲೆಕ್ಕಕ್ಕೆ ಬರಲ್ಲ, ಫೋನ್‌ಪೇನೋ ಕಾರ್ಡೋ ಆಗಬೇಕು, ಬಿಲ್ಲು ಇಟ್ಕೋಬೇಕು. ಅಪ್ಪ ಅಮ್ಮ ಅವರ ಮೇಲೇ ಅವಲಂಬಿತರು ಆಗಿರಬೇಕು ಅಂತ ಈ ಕಲಂನಲ್ಲಿ ಇಲ್ಲ. ಜನೌಷಧಿ ಅಂಗಡಿಯಲ್ಲಿ ಇನ್ಹೇಲರ್, ರೆಸ್ಪ್ಯೂಲ್ ಸಿಗ್ತವೆ, ಡಾಕ್ಟರ ಹತ್ರ ಔಷಧಿಯ ಮೂಲ ಹೆಸರು ಬರೆಸಿಕೊಂಡು ಹೋಗಿ ಕೇಳಿ, ಬೆಲೆ ಹೋಲಿಸಿ ನೋಡಿ. ಮಿಷಿನ್ ಇರೋರು ಡಾಕ್ಟರಿಂದ ಒಂದು ಚೀಟಿ ತಗೊಳ್ಳಿ: ಆಕ್ಸಿಜನ್ ಪ್ರಮಾಣ ಎಷ್ಟು, ದಿನಕ್ಕೆ ಎಷ್ಟು ಗಂಟೆ, ಎಷ್ಟು ಲೀಟರ್. ಅದರ ಜೊತೆ ಮಿಷಿನ್ ಬರೋ ಮುಂಚಿನ ಮೂರು ತಿಂಗಳ ಕರೆಂಟ್ ಬಿಲ್ಲು, ಬಂದ ಮೇಲಿನ ಮೂರು ತಿಂಗಳದ್ದು ಪಿನ್ನು ಹೊಡೆದು ಇಡಿ. ಅರ್ಜಿ ಕೊಡೋ ದಿನ ಇದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ.

ಮತ್ತೆ ಒಂದು ಕೆಲಸ. ಜನವರಿ 26ಕ್ಕೆ ಗ್ರಾಮ ಸಭೆ ಸೇರೋ ಊರುಗಳಲ್ಲಿ, ನಮ್ಮ ಪಂಚಾಯ್ತಿ ಹದ್ದಿನಲ್ಲಿ ಉಸಿರಾಟದ ಮಿಷಿನ್ ಇರೋ ಮನೆ ಎಷ್ಟು ಅಂತ ಎಣಿಸಿ ಠರಾವು ಮಾಡಿಸಿ. ಆಶಾ ಕಾರ್ಯಕರ್ತೆಯರನ್ನ ಕೇಳಿದರೆ ಅರ್ಧ ದಿನದಲ್ಲಿ ಲೆಕ್ಕ ಸಿಗ್ತದೆ. ಹೆಸರು ಬೇಡ, ಸಂಖ್ಯೆ ಸಾಕು. ಪಂಪ್‌ಸೆಟ್ಟು ಎಷ್ಟಿದೆ ಅಂತ ಸರ್ಕಾರಕ್ಕೆ ಗೊತ್ತು, ಟ್ರ್ಯಾಕ್ಟರ್ ಎಷ್ಟಿದೆ ಅಂತ ಗೊತ್ತು. ಇದನ್ನ ಯಾರೂ ಎಣಿಸಿಲ್ಲ, ಅದಕ್ಕೇ ಯಾವ ಪಟ್ಟಿಯಲ್ಲೂ ಇಲ್ಲ. ನಮ್ಮ ಪಂಚಾಯ್ತಿಯದ್ದು ನಾನು ಈ ವಾರ ಎಣಿಸಿ ಇಡ್ತೀನಿ. ನಿಮ್ಮದು ನೀವು ಎಣಿಸಿ. ಹತ್ತು ಪಂಚಾಯ್ತಿ ಠರಾವು ಕೈಗೆ ಬಂದರೆ ಬಜೆಟ್ಟಿಗೆ ಮುಂಚೆ ಶಾಸಕರ ಮನೆಗೆ ಒಟ್ಟಿಗೆ ಹೋಗೋಣ.

ಕಡಲೆಗೆ ಕಾಯಿಕೊರಕ ಬಿದ್ದಿರೋ ಸುದ್ದಿ ಎರಡು ಮೂರು ಕಡೆಯಿಂದ ಬಂದಿದೆ. ಅದನ್ನ ಮುಂದಿನ ವಾರ ಬರೀತೀನಿ.